ಎರಡು ಅಡಿ ಕಡಿಮೆ

ಕ್ರಾಫರ್ಡ್ ಮಾರ್ಕೆಟ್ಟಿನ ಮುನೀರ್ ಭಾಯಿ
ಅಂಗಡಿ ಎತ್ತುವ ದಿನ, ಪಂಜರಗಳಿಗೆ ಪರದೆ ಹೊಲಿದ ಬಾಕಿ
ಎಂಟುನೂರು ರೂಪಾಯಿಗೆ ಬದಲಾಗಿ
ನನ್ನ ಕೈಚೀಲದೊಳಗೆ ಇವಳನ್ನು ಇಳಿಸಿದ.
ಫೆರೆಟ್ ಅಂದ. ವಿಲಾಯತಿ ಜಾತಿ ಅಂದ.
ಕುರ್ಲಾದ ನಮ್ಮ ಚಾಳಿಗೆ ಅವಳು ಮುಂಗುಸಿಯೇ;
ಶುಭವೆಂದು ಕೆಲವರು ಬೆಳಗಾಗೆದ್ದು ಬಾಗಿಲಿಗೆ ಬಂದು
ಮುಖ ನೋಡಿ ಹೋದರು.

ನಾನು ಕಾಜಾ ಎಂದು ಕರೆದೆ,
ಗುಂಡಿ ಕದಿಯುತ್ತಿದ್ದಳು, ಅದಕ್ಕೆ.
ಎರಡು ತೂತಿನವು, ನಾಲ್ಕು ತೂತಿನವು,
ಶೇರ್ವಾನಿಯ ಹಿತ್ತಾಳೆಯವು,
ಎಲ್ಲ ಹೊಲಿಗೆ ಯಂತ್ರದ ಪೆಡಲಿನ ಹಿಂದೆ ಗುಡ್ಡೆ.
ಗಿರಾಕಿಯ ಅಂಗಿಗೆ ಒಂದು ಸಾಲದೆ ಬಂದರೆ
ಮೊಣಕಾಲೂರಿ ಅವಳ ತಿಜೋರಿಗೆ ಕೈ ಹಾಕುತ್ತಿದ್ದೆ.
ಡುಕ್ ಡುಕ್ ಎಂದು ಬಯ್ಯುತ್ತಿದ್ದಳು.

ನಾಲ್ಕನೇ ವರ್ಷ ಕಣ್ಣಿಗೆ ಹಾಲು ಇಳಿಯಿತು.
ಮೊದಲು ಎಡದ್ದು. ದೀಪಾವಳಿಯ ಹೊಲಿಗೆಯ ಗಡಿಬಿಡಿ,
ಗಮನಿಸಲಿಲ್ಲ. ಬರೆದೇ ಇಡುತ್ತೇನೆ: ಗಮನಿಸಲಿಲ್ಲ.
ಆಮೇಲೊಂದು ಮಧ್ಯಾಹ್ನ ಹಿಂಗಾಲು ಸೋತು
ಒದ್ದೆ ಬಟ್ಟೆಯಂತೆ ನೆಲಕ್ಕಂಟಿ ಜೊಲ್ಲು ಸುರಿಸಿದಳು.

ಪರೇಲಿನ ಆಸ್ಪತ್ರೆಗೆ ಲೋಕಲ್ಲಿನಲ್ಲಿ,
ಎದೆಗೆ ಕಟ್ಟಿದ ಚೀಲದಲ್ಲಿ.
ದಾದರಿನಲ್ಲಿ ನೂಕಿದವನು, ಮಗುವೇ? ಅಂದ.
ಹ್ಞೂಂ ಅಂದೆ.
ಡಾಕ್ಟರ್ ಗುಪ್ತೆ ಬಾಯಿ ರಕ್ತ ತೆಗೆದು ನೋಡಿದರು.
ಹೊಟ್ಟೆಯೊಳಗೆ ಗಂಟು, ಸಕ್ಕರೆ ಇಳಿಯುತ್ತದೆ.
ಆಪರೇಷನ್ ತಡೆಯಲಾರಳು. ನಾಲ್ಕು ತಾಸಿಗೊಮ್ಮೆ ಉಣಿಸಿ,
ಕುಸಿದರೆ ಒಸಡಿಗೆ ಜೇನು ಸವರಿ.
ಕಣ್ಣಿಗೆ ಔಷಧವಿಲ್ಲ. ಮನೆಯ ಸಾಮಾನು ಮಾತ್ರ
ಸರಿಸಬೇಡಿ.

ಸರಿಸಲಿಲ್ಲ.
ಹನ್ನೊಂದು ತಿಂಗಳು ಮಂಚ, ನೀರಿನ ಪೀಪಾಯಿ, ಯಂತ್ರ
ಆಣೆಯಿಟ್ಟವರಂತೆ ನಿಂತಲ್ಲೇ ನಿಂತವು.
ಕಸಬರಿಗೆಯನ್ನು ಸಹ ಗೌರಾಬಾಯಿ
ಅದೇ ಮೂಲೆಗೆ ಒರಗಿಸುತ್ತಿದ್ದಳು, ಬಯ್ಯುತ್ತಲೇ:
"ನನ್ನ ಬಿ.ಪಿ. ಗುಳಿಗಿ ನೆನಪಿರೂದಿಲ್ಲ ನಿಮಗ,
ಮುಂಗಲಿ ಔಷಧಕ್ಕ ಅಲಾರಂ!"
ಅದು ನಿಜ.
ಮುಟ್ಟುವ ಮುಂಚೆ ನೆಲಕ್ಕೆ ಉಗುರಿನಿಂದ ಎರಡು ತಟ್ಟು,
ಇಲ್ಲವಾದರೆ ಬೆಚ್ಚಿ ಕಚ್ಚುತ್ತಾಳೆ. ನನ್ನ ಹೆಬ್ಬೆರಳ ಗುರುತುಗಳಲ್ಲಿ
ಸೂಜಿಯವು ಯಾವುವು, ಅವಳವು ಯಾವುವು, ಬಲ್ಲೆ.
ಮೇ ತಿಂಗಳಲ್ಲಿ ಹಿಮಗಟ್ಟಿದ ಬಾಟಲಿಗೆ
ಲೈನಿಂಗ್ ಬಟ್ಟೆಯ ಅಂಗಿ ತೊಡಿಸಿ ಪಕ್ಕಕ್ಕಿಟ್ಟೆ.

ಆಗ ಬಿಲ್ಡರನ ಕಾಗದ ಬಂತು.
ಚಾಳು ಕೆಡಹುತ್ತಾರೆ, ಮೂರು ವರ್ಷ ಟ್ರಾನ್ಸಿಟ್ ಕ್ಯಾಂಪು.
ಬೀಗದ ಕೈ ಸಿಕ್ಕ ಸಂಜೆ ಒಬ್ಬನೇ ಹೋಗಿ
ಬರಿಯ ನೆಲಕ್ಕೆ ಟೇಪು ಹಾಸಿ, ನೀಲಿ ಸೀಮೆಸುಣ್ಣದಿಂದ
ಥಾನಿನ ಮೇಲೆ ಕೋಟು ಗೀಚುವಂತೆ
ಹಳೆಯ ಮನೆಯನ್ನು ಗೀಚಿದೆ:
ಮಂಚ ಇಲ್ಲಿ, ಪೀಪಾಯಿ ಇಲ್ಲಿ, ಪೆಡಲು ಇಲ್ಲಿ.
ಉದ್ದದಲ್ಲಿ ಎರಡು ಅಡಿ ಕಡಿಮೆ ಬಿತ್ತು.
ಮೂವತ್ತೊಂದು ವರ್ಷ ಕತ್ತರಿ ಹಿಡಿದವನು,
ಕಡಿಮೆ ಬಟ್ಟೆಯಲ್ಲಿ ಪೂರೈಸಬಲ್ಲೆ.
ಗೋಡೆಯನ್ನು ಬಿಚ್ಚಿ ಹೊಲಿಯಲು ಬರುವುದಿಲ್ಲ.

ಮಂಚದಿಂದ ಪೀಪಾಯಿಗೆ ಸರಿಯಾಗಿಯೇ ನಡೆದಳು.
ಪೆಡಲಿನ ಹಿಂದೆ ಮೂಗಿಟ್ಟು, ಗುಂಡಿಗಳಿದ್ದವು, ಡುಕ್ ಅಂದಳು.
ನಾನಿಟ್ಟಿರಲಿಲ್ಲ.
ಗೌರಾಬಾಯಿ ಅವನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದಳಂತೆ,
ವಾಸನೆ ಹೋಗಬಾರದೆಂದು ತೊಳೆಯದೆ.
ಅಲ್ಲಿಂದ ತನ್ನ ಮೂಲೆಗೆ ಹೊರಟವಳಿಗೆ
ಗೋಡೆ ಎರಡು ಅಡಿ ಮೊದಲೇ ಎದುರಾಯಿತು. ಟಕ್.
ಮರುದಿನ ಮತ್ತೆ ಟಕ್.
ಮೂರನೇ ದಿನ ಹಳೆಯ ಕೋಟುಗಳ ಭುಜದ ಪ್ಯಾಡು ಬಿಚ್ಚಿ
ಅವಳ ಮೂಗಿನ ಎತ್ತರಕ್ಕೆ ಸಾಲಾಗಿ ಅಂಟಿಸಿದೆ.
ಈಗಲೂ ಹೋಗಿ ತಾಗುತ್ತಾಳೆ. ಕೊಂಚ ಕಾಯುತ್ತಾಳೆ,
ಉಳಿದ ನೆಲ ಇನ್ನೇನು ಬರಬಹುದೆಂಬಂತೆ.

ರಾತ್ರಿ ಎರಡು. ಅಲಾರಂ.
ದೀಪ ಹಾಕುವುದಿಲ್ಲ. ಗೌರಾಬಾಯಿಗೆ ನಿದ್ದೆ,
ಇವಳಿಗೆ ಎರಡೂ ಒಂದೇ.
ಗಂಜಿಯ ಸಿರಿಂಜು ಹುಡುಕುತ್ತ ಹಳೆಯ ಲೆಕ್ಕದಲ್ಲಿ ನಡೆದು
ಹಣೆ ಜಜ್ಜಿಕೊಳ್ಳುತ್ತೇನೆ.
ನನ್ನೆತ್ತರಕ್ಕೆ ಪ್ಯಾಡಿಲ್ಲ.
ಕೆಳಗಿನಿಂದ, ಡುಕ್ ಡುಕ್.